ನಾನು ತಿನ್ನದ ಸಿಗಡಿ

ನನ್ನ ಅಲರ್ಜಿ ಟೆಸ್ಟಿನ ರಿಪೋರ್ಟು ವಾಟ್ಸಾಪ್‌ಗೆ ಬಂದಾಗ ರಾತ್ರಿ ಎಂಟೂವರೆ. ನಾವೆಲ್ಲ ಊಟಕ್ಕೆ ಕೂತಿದ್ದೆವು. ನನ್ನ ಕೈ ಎಂಜಲು, ಹಾಗಾಗಿ ಮಗಳು ಮೊಬೈಲ್ ತಗೊಂಡು ಓದತೊಡಗಿದಳು. ಒಂಬತ್ತನೇ ಕ್ಲಾಸಿನ ಹುಡುಗಿ, ಏನನ್ನೂ ಮನಸ್ಸಿನಲ್ಲೇ ಓದಿ ಗೊತ್ತಿಲ್ಲ. ಹಾಲು, ನೆಗೆಟಿವ್. ಗೋಧಿ, ನೆಗೆಟಿವ್. ಶೇಂಗಾ, ನೆಗೆಟಿವ್. ಅತ್ತೆ ಒಂದೊಂದಕ್ಕೂ ‘ಸದ್ಯ’ ಅನ್ನುತ್ತಿದ್ದರು. ಶೇಂಗಾ ಇಲ್ಲ ಅಂದಾಗಂತೂ ದೊಡ್ಡ ಉಸಿರು ಬಿಟ್ಟರು. ಶೇಂಗಾ ಚಟ್ನಿಪುಡಿ ಬಿಟ್ಟು ರೊಟ್ಟಿ ತಿನ್ನೋದು ಹೇಗೆ ಅಂತ ಅವರಿಗೆ ಆಗಲೇ ಚಿಂತೆ ಹತ್ತಿತ್ತು. ಆಮೇಲೆ ಮಗಳು ಅದೇ ದನಿಯಲ್ಲಿ “ಶ್ರಿಂಪ್, ಪಾಸಿಟಿವ್. ಕ್ರ್ಯಾಬ್, ಪಾಸಿಟಿವ್” ಅಂದಳು.

“ಹಂಗಂದ್ರೇನ?”

“ಸಿಗಡಿ ಅಜ್ಜಿ. ಆಮೇಲೆ ಏಡಿ.”

ಅತ್ತೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ನಮ್ಮದು ಲಿಂಗಾಯತರ ಮನೆ. ಮೊಟ್ಟೆ ಹಾಕಿದ ಕೇಕು ಕೂಡ ಒಳಗೆ ಬರೋದಿಲ್ಲ, ಯಾರಾದರೂ ತಂದುಕೊಟ್ಟರೆ ವರಾಂಡದಲ್ಲೇ ಮುಗಿಯಬೇಕು. ಅತ್ತೆ ನನ್ನ ಮುಖ ನೋಡಲಿಲ್ಲ. ತಟ್ಟೆ ನೋಡುತ್ತಾ ಮೆಲ್ಲಗೆ ಕೇಳಿದರು: “ಮಂಗಳೂರು ಹಾಸ್ಟೆಲ್‌ನಾಗ ಇದ್ದಾಗ ಏನಾರ ತಿಂದಿದ್ದೇನವಾ?”

ಬೈದಿದ್ದರೆ ತಿರುಗಿ ಏನಾದರೂ ಹೇಳಬಹುದಿತ್ತು. ಅವರು ಬೈಯಲಿಲ್ಲ. ಆಗಿದ್ದು ಆಯ್ತು, ಒಪ್ಪಿಕೋ ಅನ್ನೋ ಹಾಗಿತ್ತು ಆ ದನಿ. ನಾನು ತಿಂದಿರಲಿಲ್ಲ. ಆದರೆ ‘ತಿಂದಿಲ್ಲ’ ಅನ್ನೋದಕ್ಕೆ ನನ್ನ ಬಾಯಿಮಾತು ಬಿಟ್ಟು ಬೇರೆ ಸಾಕ್ಷಿ ಇಲ್ಲ. ರಿಪೋರ್ಟಿಗೆ ಲ್ಯಾಬಿನ ಸೀಲಿತ್ತು, ಸಹಿಯಿತ್ತು, ದಶಾಂಶ ಬಿಂದುವಿತ್ತು. ನನ್ನ ಗಂಡ ಮಜ್ಜಿಗೆ ಕುಡಿಯೋದರಲ್ಲಿ ಬಹಳ ಬ್ಯುಸಿ ಇದ್ದರು.

ಈ ಟೆಸ್ಟಿನ ತನಕ ಹೋಗಿದ್ದು ಹೇಗೆ ಅನ್ನೋದು ಸಣ್ಣ ಕಥೆ. ಎರಡು ತಿಂಗಳಿಂದ ಮೈಮೇಲೆ ಪಿತ್ತದ ಗಂಧೆ ಏಳುತ್ತಿತ್ತು. ರಾತ್ರಿ ಏಳೋದು, ಬೆಳಿಗ್ಗೆ ಮಾಯ. ಜೊತೆಗೆ ಎದ್ದ ಕೂಡಲೇ ಲೆಕ್ಕ ಹಾಕಿದ ಹಾಗೆ ಹತ್ತು ಹನ್ನೆರಡು ಸೀನು. ಅತ್ತೆ ಕಂಬಳಿಯಿಂದ ತಿಕ್ಕಿದರು, ಜೀರಿಗೆ ಕಷಾಯ ಮಾಡಿಕೊಟ್ಟರು. ಕೊನೆಗೆ ಒಂದು ಲ್ಯಾಬಿನವರ ‘ಅಲರ್ಜಿ ಪ್ಯಾಕೇಜ್’ ಜಾಹೀರಾತು ನೋಡಿ, ಡಾಕ್ಟರನ್ನೂ ಕೇಳದೆ, ನಾನೇ ಹೋಗಿ ರಕ್ತ ಕೊಟ್ಟು ಬಂದೆ. ರಿಯಾಯಿತಿ ಇತ್ತು. ರಿಯಾಯಿತಿ ಇದ್ದರೆ ದಾವಣಗೆರೆಯವರು ರಕ್ತ ಕೊಡೋದಕ್ಕೂ ಹಿಂದೆಮುಂದೆ ನೋಡೋದಿಲ್ಲ.

ಹಾಸ್ಟೆಲ್‌ನಲ್ಲಿ ಕಂಡಿದ್ದು

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅತ್ತೆಯ ಮಾತಿಗಲ್ಲ, ಸಿಗಡಿ ಅಲರ್ಜಿ ಅಂದರೆ ಏನು ಅಂತ ನಾನು ಕಣ್ಣಾರೆ ಕಂಡಿದ್ದೆ. ಎಂ.ಎಸ್ಸಿ. ಮಾಡುವಾಗ ನನ್ನ ರೂಮ್‌ಮೇಟ್ ಕರಾವಳಿಯವಳೇ. ಮೀನು ತಿಂದುಕೊಂಡೇ ಬೆಳೆದವಳು. ಒಂದು ಭಾನುವಾರ ಯಾರದ್ದೋ ಮನೆ ಊಟದಿಂದ ಬಂದು ಮಂಚದ ಮೇಲೆ ಕೂತಳು. ತುಟಿ ಯಾಕೋ ದಪ್ಪ ಅನ್ನಿಸ್ತಿದೆ ನೋಡು ಅಂದಳು. ನೋಡಿದೆ, ನಿಜವಾಗಲೂ ದಪ್ಪಗಾಗಿತ್ತು. ನಾನು ನಕ್ಕೆ. ಅವಳೂ ನಕ್ಕಳು. ಐದು ನಿಮಿಷ ಆಗಿರಬಹುದು, ಕುತ್ತಿಗೆ, ಹೊಟ್ಟೆ, ತೊಡೆ ಎಲ್ಲ ಕೆಂಪು ಗಂಧೆ. ವಾಂತಿ ಮಾಡಿಕೊಂಡಳು. ಆಮೇಲೆ ದನಿ ಒಡೆಯಿತು. ಅದು ನನಗೆ ಈಗಲೂ ಕಿವಿಯಲ್ಲಿದೆ. ಹೆಸರು ಹಿಡಿದು ನನ್ನ ಕರೆದಳು, ಬೇರೆ ಯಾರೋ ಕರೆದ ಹಾಗೆ ಕೇಳಿಸಿತು. ಉಸಿರಿನ ಜೊತೆ ಸೀಟಿಯಂಥ ಶಬ್ದ ಬರತೊಡಗಿತು.

ಆಟೋದಲ್ಲಿ ಹಾಕಿಕೊಂಡು ಹೋದೆವು. ಆಸ್ಪತ್ರೆಯಲ್ಲಿ ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು ಒಂದೇ ಪ್ರಶ್ನೆ ಕೇಳಿದರು, ‘ಏನು ತಿಂದಳು, ಎಷ್ಟು ಹೊತ್ತಾಯ್ತು?’ ಉತ್ತರ ಮುಗಿಯೋದರೊಳಗೆ ತೊಡೆಗೆ ಅಡ್ರಿನಲಿನ್ ಚುಚ್ಚಿದ್ದರು. ಸ್ವಲ್ಪ ಹೊತ್ತಿನಲ್ಲೇ ಅವಳ ಉಸಿರು ಹದಕ್ಕೆ ಬಂತು. ಆದರೂ ಮನೆಗೆ ಕಳಿಸಲಿಲ್ಲ. ಒಮ್ಮೆ ಇಳಿದದ್ದು ಕೆಲವು ಗಂಟೆಗಳ ನಂತರ ಮತ್ತೆ ಏಳಬಹುದು ಅಂತ ರಾತ್ರಿ ಪೂರ್ತಿ ಇಟ್ಟುಕೊಂಡರು. ಆ ಡಾಕ್ಟರು ಅವತ್ತು ಯಾವ ರಕ್ತ ಪರೀಕ್ಷೆಗೂ ಕಾಯಲಿಲ್ಲ ಅನ್ನೋದು ನನಗೆ ಹೊಳೆದದ್ದು ಇಷ್ಟು ವರ್ಷದ ಮೇಲೆ, ನನ್ನದೇ ರಿಪೋರ್ಟು ಕೈಯಲ್ಲಿ ಹಿಡಿದು ಮಲಗಿದಾಗ.

ನಾನು ಗಣಿತ ಟೀಚರು. ಅಂಕಿ ಕಂಡರೆ ಬಿಡೋದಿಲ್ಲ. ಸಿಗಡಿ ಎದುರಿಗೆ 1.24 ಅಂತಿತ್ತು. ಏಡಿಗೆ 0.81. ಪಕ್ಕದಲ್ಲಿ ‘ಕ್ಲಾಸ್ 2’. 0.35ಕ್ಕಿಂತ ಕಡಿಮೆ ಇದ್ದರೆ ಕ್ಲಾಸ್ ಸೊನ್ನೆ, ನೂರು ದಾಟಿದರೆ ಕ್ಲಾಸ್ 6. ಹಾಗಾದರೆ ನನ್ನದು ಆರಕ್ಕೆ ಎರಡು ಅಂಕ, ಫೇಲು ಅನ್ನಬೇಕೋ ಪಾಸು ಅನ್ನಬೇಕೋ? ಅದೇ ಹಾಳೆಯ ಕೆಳಗೆ ಇನ್ನೆರಡು ಸಾಲುಗಳಿದ್ದವು. ಮಗಳು ಅವನ್ನು ಓದಿರಲಿಲ್ಲ. ಧೂಳಿನ ನುಸಿ: 31, ಕ್ಲಾಸ್ 4. ಜಿರಲೆ: 2.6, ಕ್ಲಾಸ್ 2. ಇಡೀ ಕಥೆಯ ಕೀಲಿ ಅಲ್ಲಿತ್ತು. ನಾವು ಮಾತ್ರ ಸಿಗಡಿ ಹೆಸರು ಕೇಳಿಯೇ ಊಟ ಬಿಟ್ಟಿದ್ದೆವು.

ಒಂದೇ ಜಾತಿ

ಮರುದಿನ ಹೋದ ಚರ್ಮದ ಡಾಕ್ಟರು ರಿಪೋರ್ಟು ಕೈಗೆ ತಗೊಳ್ಳಲೇ ಇಲ್ಲ.

“ಸಿಗಡಿ ತಿಂತೀರಾ?”

“ಇಲ್ಲ.”

“ತಿನ್ನೋ ಯೋಚನೆ ಏನಾದ್ರೂ ಇದೆಯಾ?”

“ಅಯ್ಯೋ, ಇಲ್ಲ ಮೇಡಂ.”

“ಮತ್ತೆ ಅದನ್ನ ಯಾಕ್ರೀ ಟೆಸ್ಟ್ ಮಾಡಿಸಿದ್ರಿ?”

ಪ್ಯಾಕೇಜಲ್ಲಿತ್ತು ಅಂತ ಹೇಳೋದಕ್ಕೆ ನಾಚಿಕೆಯಾಯಿತು. ಆಮೇಲೆ ಅವರು ಸಮಾಧಾನದಿಂದ ಬಿಡಿಸಿ ಹೇಳಿದರು. ಸಿಗಡಿ, ಏಡಿ ಅಲರ್ಜಿ ಇರುವ ಬಹಳ ಜನರಿಗೆ ತೊಂದರೆ ಕೊಡೋದು ಟ್ರೋಪೋಮಯೋಸಿನ್ ಅನ್ನೋ ಒಂದು ಪ್ರೋಟೀನು. ಸ್ನಾಯುವಿನಲ್ಲಿರುತ್ತದೆ, ಎಷ್ಟು ಬೇಯಿಸಿದರೂ ಜಗ್ಗೋದಿಲ್ಲ. ಇದೇ ಪ್ರೋಟೀನು ಹೆಚ್ಚುಕಡಿಮೆ ಅದೇ ರೂಪದಲ್ಲಿ ಜಿರಲೆಯಲ್ಲೂ ಇದೆ, ಹಾಸಿಗೆಯ ಧೂಳಿನಲ್ಲಿರುವ ನುಸಿಯಲ್ಲೂ ಇದೆ. ಸಿಗಡಿ, ಏಡಿ, ಜಿರಲೆ, ನುಸಿ ಎಲ್ಲ ಸಂಧಿಪದಿಗಳು ಅಂತ ನಮ್ಮ ಶಾಲೆಯ ಮಕ್ಕಳೂ ಬಾಯಿಪಾಠ ಹೇಳುತ್ತಾರೆ. ನಾನು ವರ್ಷಗಟ್ಟಲೆ ಉಸಿರಾಡಿದ್ದು ನುಸಿಯ ಧೂಳು. ಮೈ ಅದರ ವಿರುದ್ಧ ತಯಾರು ಮಾಡಿಕೊಂಡ ಆಯುಧ ಲ್ಯಾಬಿನಲ್ಲಿ ಸಿಗಡಿಗೂ ಹೋಗಿ ಅಂಟಿತು. ನಮ್ಮ ರಸ್ತೆಯ ನಾಯಿ ಪೋಸ್ಟ್‌ಮ್ಯಾನನ್ನು ನೋಡಿ ನೋಡಿ, ಖಾಕಿ ಹಾಕಿದವರಿಗೆಲ್ಲ ಬೊಗಳುತ್ತಿತ್ತಲ್ಲ, ಹಾಗೆ.

ಇದನ್ನು ಓದಿ ತಿಳಿಯೋಣ ಅಂತ ಹೊರಟವಳಿಗೆ ಎರಡು ಸಂಗತಿ ಸಿಕ್ಕವು. ಒಂದು, ಸಿಗಡಿಯ ಮುಖ್ಯ ಅಲರ್ಜಿಕಾರಕ ಟ್ರೋಪೋಮಯೋಸಿನ್ ಅಂತ ಗುರುತಿಸಿದ್ದು ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ. ವಿ. ಸುಬ್ಬರಾವ್ ಅವರ ತಂಡ, ಅಮೆರಿಕದ ವಿಜ್ಞಾನಿಗಳ ಜೊತೆ ಸೇರಿ, 1993ರಲ್ಲಿ. ಇನ್ನೊಂದು, 2003ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಸಂಪ್ರದಾಯಸ್ಥ ಯಹೂದಿಗಳು ಧರ್ಮದ ನಿಯಮದ ಪ್ರಕಾರ ಸಿಗಡಿ, ಏಡಿ ಮುಟ್ಟುವುದಿಲ್ಲ. ಅಂಥವರಲ್ಲಿ ಧೂಳಿನ ನುಸಿಯ ಅಲರ್ಜಿ ಇದ್ದವರ ರಕ್ತ ಪರೀಕ್ಷಿಸಿದರೆ, ಸಿಗಡಿಯ ಪ್ರೋಟೀನಿಗೂ ಅಂಟುವ ಪ್ರತಿಕಾಯ, ಅಂದರೆ ಮೈ ತಯಾರು ಮಾಡುವ ಅದೇ ಆಯುಧ, ಸಿಕ್ಕಿತು. ಇದನ್ನು ಓದಿ ನನಗೆ ಎಷ್ಟು ಹಗುರಾಯಿತು ಅಂದರೆ, ಎಲ್ಲೋ ಒಂದು ದೂರದ ಮನೆಯಲ್ಲೂ ಯಾರೋ ಅತ್ತೆ ಸೊಸೆಯನ್ನು ಹೀಗೇ ಕೇಳಿರಬಹುದು ಅನ್ನಿಸಿತು.

ಗಂಧೆಯ ವಿಷಯ? ‘ಆರು ವಾರ ದಾಟಿದ ಗಂಧೆಗೆ ಊಟ ಕಾರಣ ಆಗಿರೋದು ಅಪರೂಪ, ಈ ಪಟ್ಟಿಯಲ್ಲಿ ಅದಕ್ಕೆ ಉತ್ತರ ಹುಡುಕಬೇಡಿ’ ಅಂದು ಮಾತ್ರೆ ಬರೆದರು. ಸೀನಿಗೆ ಮಾತ್ರ ನುಸಿಯೇ ಕಾರಣ ಅಂದರು. ‘ಗಾದಿ ಎಷ್ಟು ಹಳೇದು?’ ಅಂತ ಕೇಳಿದರು. ನಾನು ಸುಮ್ಮನಾದೆ.

ಮೀನು ಬಿಟ್ಟ ಕುಂದಾಪುರದವರು

ನಮ್ಮ ಶಾಲೆಯ ಪಿ.ಟಿ. ಮೇಷ್ಟ್ರು ಕುಂದಾಪುರದವರು. ಸಿಗಡಿಗೆ ಅವರು ಚಟ್ಲಿ ಅನ್ನುತ್ತಾರೆ. ನನ್ನ ಕಥೆ ಸ್ಟಾಫ್ ರೂಮಿನಲ್ಲಿ ಕೇಳಿ ಅವರಿಗೆ ನಗು ತಡೆಯಲಾಗಲಿಲ್ಲ. “ಎಂತ ಟೀಚರ್, ತಿನ್ನದೇ ಇದ್ದ ನಿಮ್ಗೆ ಪಾಸಿಟಿವ್, ತಿಂದು ಸಾಯ್ಲಿಕ್ಕೆ ಬಿದ್ದ ನಂಗೆ ನೆಗೆಟಿವ್!” ಅಂದರು.

ಅವರದ್ದು ಹೋದ ಮೇ ತಿಂಗಳ ಕಥೆ. ಇಲ್ಲೇ ದಾವಣಗೆರೆಯಲ್ಲಿ ಸಂಜೆ ಹೊತ್ತು ಬಂಗುಡೆ ತಂದರು. ಘಟ್ಟ ಹತ್ತಿ ಬರುವ ಮೀನು, ಐಸು ಎಲ್ಲಿ ಕರಗಿತೋ, ಯಾವಾಗ ಮತ್ತೆ ತುಂಬಿದರೋ. ತಿನ್ನುವಾಗ ನಾಲಿಗೆ ಚುರುಗುಟ್ಟಿತಂತೆ. ಹೆಂಡತಿ ಕಾಳುಮೆಣಸು ಜಾಸ್ತಿ ಹಾಕಿದ್ದಾಳೆ ಅಂದುಕೊಂಡರು. ಅರ್ಧ ಗಂಟೆಯೊಳಗೆ ಮುಖ, ಕುತ್ತಿಗೆ ಕೆಂಪು ಕೆಂಪು, ತಲೆ ಸಿಡಿತ, ಎದೆ ಡವಡವ. ಹೆಂಡತಿಗೂ ಅದೇ, ಸ್ವಲ್ಪ ಕಡಿಮೆ. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ‘ಮೀನು ಅಲರ್ಜಿ, ಇನ್ಮೇಲೆ ಮುಟ್ಟಬೇಡಿ’ ಅಂದರು. ನಾಲ್ಕು ತಿಂಗಳು ಬಿಟ್ಟರು ಪಾಪ. ಊರಿಗೆ ಹೋದರೆ ಅಮ್ಮ ಮೀನು ಸಾರು ಮಾಡಿ, ಇವರು ಬೇಡ ಅಂದದ್ದಕ್ಕೆ ಕಣ್ಣೀರು ಹಾಕಿದರಂತೆ. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರು. ಮೀನು, ಸೊನ್ನೆ. “ನಾನು ತಿಂದದ್ದು ಬಂಗುಡೆ, ಅವ್ರು ನೋಡಿದ್ದು ಕಾಡ್ ಅಂಬು ಮೀನು. ಆ ಮೀನು ನಮ್ಮ ಬಲೆಗೆ ಬಿದ್ದದ್ದೇ ಇಲ್ಲ ಮರ್ರೆ” ಅಂತ ಅವರ ತಕರಾರು.

ತಕರಾರಿನಲ್ಲಿ ಅರ್ಥ ಇದೆ. ಆದರೆ ಕಾಡ್ ಮೀನಿಗೂ ಬಂಗುಡೆಗೂ ಅಲರ್ಜಿ ತರುವ ಪ್ರೋಟೀನು ಹೆಚ್ಚುಕಡಿಮೆ ಒಂದೇ ತರದ್ದು. ಪಾರ್ವಾಲ್ಬುಮಿನ್ ಅಂತ ಅದರ ಹೆಸರು. ಸಿಗಡಿಯದ್ದು ಬೇರೆ, ಮೀನಿನದ್ದು ಬೇರೆ. ಹಾಗಾಗಿ ಚಟ್ಲಿ ಆಗದವರು ಸಾಮಾನ್ಯವಾಗಿ ಬಂಗುಡೆ ತಿನ್ನಬಹುದು. ಮೇಷ್ಟ್ರ ಗುಟ್ಟು ಬಿಚ್ಚಿದ್ದು ರಕ್ತದಿಂದಲ್ಲ, ಎರಡನೇ ಡಾಕ್ಟರು ಕೇಳಿದ ಒಂದು ಮಾತಿನಿಂದ: ‘ಮನೇಲಿ ಬೇರೆ ಯಾರಿಗಾದ್ರೂ ಆಯ್ತಾ?’ ಗಂಡ ಹೆಂಡತಿ ಇಬ್ಬರಿಗೂ ಒಂದೇ ರಾತ್ರಿ ಅಲರ್ಜಿ ಶುರುವಾಗುತ್ತದಾ? ಬಂಗುಡೆ, ಟ್ಯೂನ, ಬೂತಾಯಿಯಂಥ ಮೀನುಗಳು ಸರಿಯಾದ ತಂಪಿನಲ್ಲಿ ಇರದಿದ್ದರೆ ಬ್ಯಾಕ್ಟೀರಿಯಾಗಳು ಅದರಲ್ಲಿ ಹಿಸ್ಟಮಿನ್ ಹುಟ್ಟಿಸುತ್ತವೆ. ಅಲರ್ಜಿಯಲ್ಲಿ ನಮ್ಮ ಮೈ ಬಿಡುಗಡೆ ಮಾಡುವ ರಾಸಾಯನಿಕವೂ ಅದೇ ಹಿಸ್ಟಮಿನ್. ಇಲ್ಲಿ ಅದು ತಟ್ಟೆಯಲ್ಲೇ ತಯಾರಾಗಿ ಬಂದಿತ್ತು. ಕುದಿಸಿದರೂ ಹೋಗದು. ಮೀನಿನ ವಿಷ ಅದು, ಮನುಷ್ಯನ ಅಲರ್ಜಿ ಅಲ್ಲ. ಮೇಷ್ಟ್ರು ಈಗ ತಿನ್ನುತ್ತಾರೆ. ಆದರೆ ಬಂಗುಡೆಯನ್ನು ಊರಲ್ಲಿ ಮಾತ್ರ, ಇಲ್ಲಿ ಮುಟ್ಟೋದಿಲ್ಲ.

ಎಲ್ಲ ಶುರುವಾದದ್ದೂ ಮೀನಿನಿಂದಲೇ

ಅಲರ್ಜಿಯ ಗುರುತು ರಕ್ತದಲ್ಲಿರುತ್ತದೆ ಅಂತ ಜಗತ್ತಿಗೆ ಗೊತ್ತಾದದ್ದೇ ಒಂದು ಮೀನಿನ ಊಟದಿಂದ ಅನ್ನಬಹುದು. 1921ರಲ್ಲಿ ಜರ್ಮನಿಯ ಬ್ರೆಸ್ಲಾವ್ ಊರಿನಲ್ಲಿ ಪ್ರಾಸ್ನಿಟ್ಸ್ ಮತ್ತು ಕ್ಯುಸ್ಟ್ನರ್ ಅಂತ ಇಬ್ಬರು ವೈದ್ಯರಿದ್ದರು. ಕ್ಯುಸ್ಟ್ನರ್‌ಗೆ ಮೀನು ಆಗುತ್ತಿರಲಿಲ್ಲ. ಪ್ರಾಸ್ನಿಟ್ಸ್ ಅವರ ಸೀರಮ್ಮನ್ನು, ಅಂದರೆ ರಕ್ತದ ತಿಳಿಯನ್ನು, ತನ್ನದೇ ಚರ್ಮಕ್ಕೆ ಚುಚ್ಚಿಕೊಂಡರು. ಮರುದಿನ ಅದೇ ಜಾಗಕ್ಕೆ ಮೀನಿನ ಸಾರವನ್ನು ಚುಚ್ಚಿಕೊಂಡರು. ಅಲ್ಲೇ ಗಂಧೆ ಎದ್ದಿತು. ಅಂದರೆ ಅಲರ್ಜಿಯನ್ನು ಹೊತ್ತು ತಿರುಗುವ ಏನೋ ಒಂದು ರಕ್ತದಲ್ಲಿದೆ ಅಂತಾಯಿತು. ಅದೇನು ಅಂತ ತಿಳಿಯೋದಕ್ಕೆ ಮತ್ತೆ ನಾಲ್ಕು ದಶಕಕ್ಕೂ ಹೆಚ್ಚು ಹಿಡಿಯಿತು. ಅಮೆರಿಕದಲ್ಲಿದ್ದ ಜಪಾನಿನ ಇಶಿಝಾಕ ದಂಪತಿ ಒಂದು ಕಡೆ, ಸ್ವೀಡನ್ನಿನ ಯೊಹಾನ್ಸನ್ ಮತ್ತು ಬೆನ್ನಿಚ್ ಇನ್ನೊಂದು ಕಡೆ, 1960ರ ದಶಕದ ಕೊನೆಗೆ ಆ ಪ್ರತಿಕಾಯವನ್ನು ಹಿಡಿದರು. 1968ರಲ್ಲಿ ಐಜಿಇ ಅಂತ ಹೆಸರಾಯಿತು. ಇವತ್ತು ನಮ್ಮೂರಲ್ಲಿ ತೆಗೆದ ರಕ್ತ ದೊಡ್ಡ ಊರಿನ ಲ್ಯಾಬಿಗೆ ಹೋದರೆ ಅಲ್ಲಿ ಸಿಗಡಿಯ ಪ್ರೋಟೀನನ್ನು ಮೊದಲೇ ಅಂಟಿಸಿಟ್ಟಿರುತ್ತಾರೆ. ಅದರ ಮೇಲೆ ನಮ್ಮ ಸೀರಮ್ ಹಾಕಿ, ಎಷ್ಟು ಐಜಿಇ ಅದಕ್ಕೆ ಕಚ್ಚಿಕೊಂಡಿತು ಅಂತ ಅಳೆಯುತ್ತಾರೆ. ಅಷ್ಟೇ ಟೆಸ್ಟು. ಕಚ್ಚಿಕೊಳ್ಳುವುದು ಬೇರೆ, ಮೈ ಕೆರಳುವುದು ಬೇರೆ. ಕ್ಲಾಸ್ 2 ಇದ್ದವರಿಗೂ ಉಸಿರು ಕಟ್ಟಬಹುದು, ಕ್ಲಾಸ್ 4 ಇದ್ದವರು ಎರಡು ತಟ್ಟೆ ತಿಂದು ಏಳಬಹುದು. ನಿಜವಾಗಿ ಪಕ್ಕಾ ಆಗಬೇಕಂದರೆ ಆಸ್ಪತ್ರೆಯಲ್ಲಿ ಡಾಕ್ಟರ ಕಣ್ಣೆದುರು ಸ್ವಲ್ಪ ಸ್ವಲ್ಪವೇ ತಿನ್ನಿಸಿ ನೋಡಬೇಕು. ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅದು.

ಗಣಿತದವಳಿಗೆ ಇದು ಒಗ್ಗೋದಕ್ಕೆ ದಿನ ಬೇಕಾಯಿತು. ನಮ್ಮಲ್ಲಿ 31 ಅಂದರೆ 1.24ಕ್ಕಿಂತ ದೊಡ್ಡದು, ಮಾತು ಮುಗಿಯಿತು. ಇಲ್ಲಿ ಅಂಕಿಗೆ ಮೊದಲು ಒಂದು ಪ್ರಶ್ನೆ ಇರಬೇಕು. ಏನು ತಿಂದೆ, ಎಷ್ಟು ಹೊತ್ತಿಗೆ ಏನಾಯ್ತು ಅನ್ನೋ ಪ್ರಶ್ನೆ. ನಾನು ಪ್ರಶ್ನೆಯೇ ಇಲ್ಲದೆ ಉತ್ತರ ಪತ್ರಿಕೆ ಕೊಂಡುಕೊಂಡಿದ್ದೆ. (ನನ್ನ ಚಿಕ್ಕಮ್ಮನ ಮಗಳು ಇನ್ನೂ ಮುಂದೆ ಹೋಗಿದ್ದಾಳೆ. ನೂರಾರು ಆಹಾರಗಳಿಗೆ ಐಜಿಜಿ ಅನ್ನೋ ಇನ್ನೊಂದು ಪ್ರತಿಕಾಯದ ಟೆಸ್ಟು ಮಾಡಿಸಿ, ಅನ್ನ ಮೊಸರು ಎರಡೂ ಬಿಟ್ಟು ಕೂತಿದ್ದಾಳೆ. ಐಜಿಜಿ ಹೇಳೋದು ಹೆಚ್ಚಂದರೆ ಆ ಪದಾರ್ಥ ತಿಂದಿದ್ದೀರಿ ಅಂತ. ಅಲರ್ಜಿ ತಜ್ಞರ ಸಂಘಟನೆಗಳೇ ಅದು ಬೇಡ ಅಂದಿವೆ. ಅನ್ನ ತಿನ್ನುವವಳ ರಕ್ತದಲ್ಲಿ ಅನ್ನದ ಗುರುತಿದ್ದರೆ ಅದೇನು ರೋಗವಾ?) ಮಾವನವರಿಗೆ ಸಿ.ಟಿ. ಸ್ಕ್ಯಾನ್ ಮಾಡಿಸುವಾಗ ಫಾರಮ್ಮಿನಲ್ಲಿ ಸಮುದ್ರದ ಆಹಾರದ ಅಲರ್ಜಿ ಇದೆಯಾ ಅಂತ ಕೇಳಿದ್ದು ನೆನಪಾಯಿತು. ಸಿಗಡಿಯಲ್ಲಿ ಅಯೋಡಿನ್, ಸ್ಕ್ಯಾನ್ ಮಾಡುವಾಗ ಮೈಗೆ ಚುಚ್ಚುವ ಬಣ್ಣದಲ್ಲೂ ಅಯೋಡಿನ್ ಅಂತ ಯಾರೋ ಯಾವಾಗಲೋ ಗಂಟು ಹಾಕಿದ ನಂಬಿಕೆ ಅದು. ಸಿಗಡಿ ಅಲರ್ಜಿ ಪ್ರೋಟೀನಿನದು, ಅಯೋಡಿನ್ನಿನದಲ್ಲ. ಫಾರಮ್ಮು ಮಾತ್ರ ಹಾಗೇ ಇದೆ.

ಗಾದಿ ಮತ್ತು ಡಬ್ಬಿ

ಇನ್ನು ಗಾದಿ. ನಮ್ಮ ಮಂಚದ ಮೇಲಿರೋದು ಅತ್ತೆ ತಮ್ಮ ಮದುವೆಯಲ್ಲಿ ಹರಪನಹಳ್ಳಿ ಕಡೆಯ ತವರಿಂದ ತಂದದ್ದಲ್ಲ, ಅದಕ್ಕಿಂತ ಹೆಚ್ಚಿನದು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದ ಕಾಲ. ಮಾವ ಮಿಲ್ಲಿನಲ್ಲಿದ್ದರು. ಒಳ್ಳೆ ಹತ್ತಿ ಆರಿಸಿ ತಂದು, ಮನೆ ಮುಂದೆ ಕೂರಿಸಿ ಹೊಲಿಸಿದ ಗಾದಿ. ಮಿಲ್ಲು ಮುಚ್ಚಿತು, ಮಾವ ಹೋದರು, ಗಾದಿ ಉಳಿದಿದೆ. ನುಸಿಗೆ ಬೇಕಾದದ್ದು ಎರಡೇ, ಮನುಷ್ಯರ ಚರ್ಮದ ಹೊಟ್ಟು ಮತ್ತು ಸ್ವಲ್ಪ ತೇವ. ಅಂಥ ಗಾದಿಯಲ್ಲಿ ಎರಡಕ್ಕೂ ಕೊರತೆ ಇಲ್ಲ. ಡಾಕ್ಟರು ತೆಗೀರಿ ಅಂದಿದ್ದಾರೆ ಅಂತ ಹೇಳಿದೆ. “ಗಾದಿಯಿಂದ ಸಿಗಡಿ ಬರ್ತೈತಾ?” ಅಂದರು ಅತ್ತೆ. ಜಿರಲೆ, ನುಸಿ, ಸಿಗಡಿ ಎಲ್ಲ ಒಂದೇ ಜಾತಿ ಅಂತ ವಿವರಿಸಿದೆ. ಜಾತಿ ಅನ್ನೋ ಪದ ಬಳಸಬಾರದಿತ್ತು. ಮಾತು ಎಲ್ಲೆಲ್ಲಿಗೋ ಹೋಯಿತು. ಹಾಸ್ಟೆಲ್ ವಿಷಯ ಮುಗಿದಿರಲಿಲ್ಲ ಅಂತ ಅವತ್ತೇ ಗೊತ್ತಾಗಿದ್ದು.

ರಿಪೋರ್ಟಿನ ಗದ್ದಲದಲ್ಲಿ ನನಗೊಂದು ಹೊಸ ಚಟ ಹತ್ತಿತ್ತು, ಎಲ್ಲ ಡಬ್ಬಿಗಳ ಹಿಂದಿನ ಸಣ್ಣಕ್ಷರ ಓದೋದು. ಬಿಸ್ಕತ್ತು, ಮಸಾಲೆಪುಡಿ, ಎಲ್ಲ. ಒಂದು ಶುಕ್ರವಾರ ಸಂಜೆ ಅತ್ತೆಯ ಮೊಣಕಾಲು ನೋವಿನ ಡಬ್ಬಿ ಕೈಗೆ ಬಂತು. ನನ್ನ ಗಂಡ ಬೆಂಗಳೂರಿಂದ ತಂದುಕೊಟ್ಟದ್ದು, ಬಹಳ ಪ್ರೀತಿಯಿಂದ, ಬಹಳ ದುಡ್ಡು ಕೊಟ್ಟು. ಗ್ಲುಕೋಸಮಿನ್. ಕೆಳಗೆ ಅಲರ್ಜಿ ಮಾಹಿತಿ ಅಂತ ಒಂದು ಸಾಲು. ಸಿಗಡಿ ಏಡಿಗಳ ಗುಂಪಿನ ಹೆಸರು. ಗ್ಲುಕೋಸಮಿನ್‌ನ ದೊಡ್ಡ ಪಾಲು ಆ ಪ್ರಾಣಿಗಳ ಚಿಪ್ಪಿನಿಂದಲೇ ತಯಾರಾಗುತ್ತದೆ. ಮೆಕ್ಕೆಜೋಳದಿಂದ ಮಾಡುವುದೂ ಇದೆ, ನಮ್ಮ ಮನೆಗೆ ಬಂದದ್ದು ಅದಲ್ಲ.

“ಏನು ಅಷ್ಟೊತ್ತು ನೋಡಾಕತ್ತೀ?” ಅಂದರು ಅತ್ತೆ. ಅವರ ಸಂಜೆಯ ಲಿಂಗಪೂಜೆ ಆಗಷ್ಟೇ ಮುಗಿದಿತ್ತು. ಹಣೆಯ ವಿಭೂತಿ ಇನ್ನೂ ಹಸಿ. ಡೇಟ್ ನೋಡ್ತಿದ್ದೆ ಅಂತ ಹೇಳಿ ಇಟ್ಟುಬಿಡಬಹುದಿತ್ತು. ಬಾಯಿಗೂ ಬಂದಿತ್ತು. ಆದರೆ ನನಗೆ ಅವತ್ತು ರಾತ್ರಿಯ ತುತ್ತು ನಿಂತದ್ದು ನೆನಪಿತ್ತು. ಸೇಡಾ ಅಂತ ಕೇಳಿದರೆ, ಸ್ವಲ್ಪ ಇತ್ತು. ಹೇಳಿದೆ.

ಅವರು ಬಹಳ ಹೊತ್ತು ಏನೂ ಅನ್ನಲಿಲ್ಲ. ಬೆರಳು ಮಡಚಿ ಲೆಕ್ಕ ಹಾಕಿದರು. “ಏಳು ತಿಂಗಳಾತು ನುಂಗಾಕತ್ತಿ” ಅಂದರು. ಆಮೇಲೆ ಡಬ್ಬಿಯನ್ನು ನನ್ನ ಕೈಗೇ ಹಿಡಿಸಿದರು. “ಹೊರಗ ಒಗಿ. ನಿನ್ನ ಗಂಡಗ ಹೇಳಬ್ಯಾಡ, ನೊಂದ್ಕೋತಾನ.”

ಮರುದಿನ ಶನಿವಾರ, ಅರ್ಧ ದಿನದ ಶಾಲೆ. ಮನೆಗೆ ಬಂದಾಗ ಒಳಗೆ ಯಾರೂ ಇರಲಿಲ್ಲ. ಮಾಳಿಗೆ ಮೇಲಿಂದ ಧಪ್ ಧಪ್ ಅಂತ ಶಬ್ದ. ಹತ್ತಿ ನೋಡಿದರೆ ಬಿಸಿಲಲ್ಲಿ ಗಾದಿ ಹಾಸಿದೆ. ಪಕ್ಕದ ಮನೆ ಹುಡುಗನ ಕೈಲಿ ಹೊರಿಸಿದ್ದರಂತೆ. ಅತ್ತೆ ಸೆರಗನ್ನು ಮೂಗಿಗೆ ಸುತ್ತಿಕೊಂಡು, ಕೋಲು ಹಿಡಿದು ಅದಕ್ಕೆ ಬಾರಿಸುತ್ತಿದ್ದರು. ನಾನು ಇನ್ನೊಂದು ಕೋಲು ಹುಡುಕುತ್ತಿದ್ದೆ.

“ನೀ ಕೆಳಗ ನಡಿ” ಅಂದರು. “ಧೂಳೈತಿ.”